ರಂಗಗಿನಿಯ ಬಾಣಂತನ

"ಉಸಿರು ಜೋರಾಗಿ ಬಿಡಬೇಡ ಲಕ್ಕ! ಗಾಳಿ ತಾಗುತ್ತೆ!"

ಹಾಗೆ ಪಿಸುಗುಟ್ಟಿದವರು ನಮ್ಮ ಭಾವ ರಂಗಧಾಮಯ್ಯ, ನನ್ನ ಅಕ್ಕ ಸಾಕಮ್ಮನ ಗಂಡ. ಶಿರಾದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಅಲ್ಲಿಗೆ ರಿಪೇರಿಗೆ ಹೋದ ಮಿಕ್ಸಿ ಮಿಕ್ಸಿಯಾಗಿಯೇ ವಾಪಸ್ಸು ಬರುತ್ತದೆಂಬ ಖಾತ್ರಿ ಊರಲ್ಲಿ ಯಾರಿಗೂ ಇಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಅವರು ಬೆಡ್‌ಶೀಟೊಂದನ್ನು ಸರಕ್ಕನೆ ಎಳೆದರು.

"ಮಾತೃಯಂತ್ರ!"

ವಾಷಿಂಗ್ ಮೆಷಿನ್ನಿನ ಡ್ರಮ್ಮಿಗೆ ಕೌದಿ ಹೊದಿಸಿದ್ದರು. ಕೆಳಗೆ ಗಾಲಿಗಳು, ಅಕ್ಕಪಕ್ಕ ಎರಡು ಉದ್ದನೆಯ ಕೈಗಳು, ನೆತ್ತಿಯ ಮೇಲೆ ಹಳೆ ಮೊಬೈಲಿನ ಕ್ಯಾಮೆರಾ ಕಣ್ಣು. ಹೊಟ್ಟೆಯ ಗೂಡಿನಲ್ಲಿ ಬೆಚ್ಚಗೆ ಒಂದೇ ಒಂದು ಮೊಟ್ಟೆ.

ನಾಟಿ ಹುಂಜಕ್ಕೂ ಗಿನಿ ಕೋಳಿಗೂ ಸಂಬಂಧ ಕುದುರಿಸಲು ಭಾವ ವರ್ಷಗಟ್ಟಲೆ ಹೆಣಗಿದ್ದರು. ಹತ್ತಿರ ಬಿಟ್ಟರೆ ಜಗಳ, ದೂರ ಇಟ್ಟರೆ ವಿರಹ! ಮೊಟ್ಟೆಗಳೆಲ್ಲ ಕೊಳೆತುಹೋಗಿ ಇದೊಂದರಲ್ಲಿ ಮಾತ್ರ ಜೀವ ಮಿಸುಕಿತ್ತು. ಅಷ್ಟರಲ್ಲಿ ಗಿನಿ ಕೋಳಿ ಸತ್ತೇಹೋಯಿತು. ಅಂದರೆ ಈ ಮರಿ ಬದುಕಿದರೆ ಉಂಟು, ಇಲ್ಲವಾದರೆ ಇಲ್ಲ. ಭಾವ ಆಗಲೇ ಅದಕ್ಕೆ ರಂಗಗಿನಿ ಎಂದು ಹೆಸರಿಟ್ಟಿದ್ದರು. ಪುಕ್ಕ ಬಲಿತ ಮೇಲೆ ಅದನ್ನು ಕೋಳಿ ಸಂಶೋಧನಾ ಕೇಂದ್ರಕ್ಕೆ ಒಯ್ದು, ಅದೇ ಹೆಸರಿನಲ್ಲಿ ಸಾಕಿಸುವುದಾಗಿ ಪಶುವೈದ್ಯ ಶಶಿಶೇಖರ್ ಮಾತು ಕೊಟ್ಟಿದ್ದರು.

"ಇದು ನೋಡಿ ಕಲಿಯೋ ಯಂತ್ರ ಕಣೋ. ತಾಯ್ತನ ಹೆಂಗ್ ಮಾಡ್ಬೇಕು ಅಂತ ನಾನು ಒಂದಕ್ಷರ ಹೇಳ್ಕೊಟ್ಟಿಲ್ಲ!"

"ಕಾವಿಗೆ ಕೂತ ಕೋಳೀನ ನೋಡಿ ಕಲೀತಾ ಭಾವ?"

"ಕೋಳಿ ಇದನ್ನ ಕಂಡು ಹೆದ್ರಿ ಮರ ಹತ್ತಿಬಿಡ್ತು. ಅದಕ್ಕೇ ವನಜಾಕ್ಷಿ ಬಾಣಂತನದ ಕೋಣೇಲಿ ಇಟ್ಟಿದ್ದೆ. ತಾಯ್ತನ ಅಂದ್ಮೇಲೆ ತಾಯ್ತನ! ಕೋಳಿಯಾದ್ರೇನು, ಮನುಷ್ಯರಾದ್ರೇನು?"

ಭಾವನ ಮಗಳು ವನಜಾಕ್ಷಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಕ್ಕ ಮಾಡುವ ಬಾಣಂತನವೆಂದರೆ ಆಸ್ಪತ್ರೆಯ ನರ್ಸುಗಳೂ ಹೆದರುತ್ತಾರೆ. ಆ ಕೋಣೆಯ ಮೂಲೆಯಲ್ಲಿ ಕೂತು ಈ ಯಂತ್ರ ಎಲ್ಲವನ್ನೂ ಕಣ್ತುಂಬ ನೋಡಿತ್ತು.

ಟಕ್! ಮೊಟ್ಟೆ ಬಿರಿಯಿತು. ಒದ್ದೆ ಮುದ್ದೆಯಂಥ ಮರಿಯೊಂದು ಹೊರಬಂತು. ಯಂತ್ರ ಅದನ್ನು ಬಿಸಿಬಟ್ಟೆಯಲ್ಲಿ ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ, ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿತು.

"ಅದು ನನ್ ಕೈಗುಣ!" ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ.

"ತಯಾರು ಮಾಡಿದ್ದು ನಾನು ಕಣೇ!"

"ನೀವು ಬರೀ ಗಾಲಿ ಹಾಕಿದ್ದು!"

ಅವರು ಜಗಳವಾಡುತ್ತಿದ್ದಾಗ ಮರಿ ಕಣ್ಣು ಬಿಟ್ಟು, ನೇರವಾಗಿ ನನ್ನನ್ನು ನೋಡಿತು. ನಾನು ಬಸ್ ಕಂಡಕ್ಟರ್; ಡ್ಯೂಟಿ ಮುಗಿಸಿ ಬಂದವನು ಖಾಕಿಯಲ್ಲೇ ಇದ್ದೆ. ಮರಿ ಯಂತ್ರದ ಕೈ ಮೇಲೆ ತೆವಳಿಕೊಂಡು ಬಂದು ನನ್ನ ಅಂಗಿಯೊಳಗೆ ಸೇರಿ ಹಾಯಾಗಿ ಮಲಗಿತು.

ಯಂತ್ರದ ಕಣ್ಣು ಗಿರ್ರನೆ ನನ್ನ ಕಡೆ ತಿರುಗಿತು. ಆಗ ನಮಗೆ ಹೊಳೆಯದ ಸಂಗತಿ ಅದಕ್ಕೆ ಹೊಳೆದಿತ್ತು. ಅದು ಕಲಿತ ಕೋಣೆಯಲ್ಲಿ ಕೂಸು ಒಂದೇ ಇರಲಿಲ್ಲ, ಬಾಣಂತಿಯೂ ಇದ್ದಳು. ಇಲ್ಲಿ ಕೂಸು ಯಾರ ಎದೆಗಂಟಿದೆ?

"ಗಾಳೀಲಿ ಯಾಕ್ ನಿಂತಿದೀಯ? ಒಳಗ್ ನಡಿ!" ಎಂದಿತು ಯಂತ್ರ, ಥೇಟ್ ಅಕ್ಕನ ದನಿಯಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡೂ ಕಿವಿಗೆ ಹತ್ತಿ ಬಿತ್ತು, ತಲೆಗೆ ಬಟ್ಟೆ ಬಿಗಿಯಿತು!

"ಭಾವ! ಆಫ್ ಮಾಡಿ ಇದನ್ನ!"

"ಆಫ್ ಮಾಡಿದ್ರೆ ಮರಿಗೆ ಕಾವು ಕೊಡೋರ್ಯಾರೋ?"

ಬಟ್ಟೆ ಕಿತ್ತೆಸೆದು, ಮರಿಯನ್ನು ಗೂಡಿಗೆ ಹಾಕಿ ಗೇಟಿನವರೆಗೆ ಓಡಿದೆ. ಹಿಂದಿನಿಂದ ಕೀಚಲು ಅಳು ಕೇಳಿಸಿತು. ಆಮೇಲೆ ಅದೂ ನಿಂತಿತು. ತಿರುಗಿ ನೋಡಿದರೆ ಮರಿ ಕತ್ತು ಚೆಲ್ಲಿ ಬಿದ್ದಿದೆ, ಭಾವ ಅದರ ಮುಂದೆ ಮಂಡಿಯೂರಿದ್ದಾರೆ. ನನ್ನ ಮದುವೆಯಲ್ಲಿ ಮೊದಲ ಪಂಕ್ತಿ ಸಿಗಲಿಲ್ಲವೆಂದು ಊಟ ಬಿಟ್ಟು ಹೋಗಿದ್ದ ಮನುಷ್ಯ ಈಗ ಕೈ ಮುಗಿದರು.

"ಲಕ್ಕ, ಇನ್ನೊಂದು ಗಿನಿ ಕೋಳಿ ತಂದು ಇನ್ನಷ್ಟು ವರ್ಷ ಕಾಯೋ ವಯಸ್ಸಲ್ಲ ಕಣೋ ನಂದು. ಪುಕ್ಕ ಬರೋವರೆಗೆ ಇದ್ಬಿಡೋ."

ಇದ್ದೆ. ಇನ್ನೇನು ಮಾಡಲಿ? ಡಿಪೋದಲ್ಲಿ ರಜೆಗೆ ಕಾರಣ ಕೇಳಿದರು. ಮೈ ಸರಿಯಿಲ್ಲ ಎಂದೆ. ನಿಜ ಹೇಳಿದ್ದರೆ ಇನ್ನೂ ಹೆಚ್ಚು ರಜೆ ಸಿಗುತ್ತಿತ್ತೇನೋ!

ಒಂದೇ ಹೊತ್ತಿಗೆ ಆ ಮನೆಯಲ್ಲಿ ಇಬ್ಬರು ಬಾಣಂತಿಯರು. ವನಜಾಕ್ಷಿಗೆ ಮಾಡಿದ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿಯಲ್ಲಿ ನನಗೂ ಪಾಲು ಬರುತ್ತಿತ್ತು. ಮಂಚದ ಕೆಳಗೆ ಕೆಂಡ. ತಣ್ಣೀರಿನ ಚೊಂಬಿಗೆ ಕೈಯಿಟ್ಟರೆ ಯಂತ್ರ ಕೈಗೆ ಚಟ್ ಎಂದು ಹೊಡೆಯುತ್ತಿತ್ತು. ಪೇಪರ್ ಬಿಡಿಸಿದರೆ "ಕಣ್ಣು ಸೋಲುತ್ತೆ!" ಎಂದು ಕಿತ್ತುಕೊಳ್ಳುತ್ತಿತ್ತು. ಮೀಸೆಗೂ ಹರಳೆಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹುಯ್ಯುತ್ತಿತ್ತು.

"ಮಾವ, ನಿಮಗೂ ಸೊಂಟ ನೋಯುತ್ತಾ?" ಎಂದು ವನಜಾಕ್ಷಿ ಗೋಡೆಯಾಚೆಯಿಂದ ಕೂಗುತ್ತಿದ್ದಳು.

"ಅದೊಂದು ಬಿಟ್ಟು ಎಲ್ಲಾ ನೋಯ್ತಿದೆ ಮಗಾ!"

ಆದರೆ ಮರಿ ಬೆಳೆಯಿತು! ರಾಗಿ ನುಚ್ಚನ್ನು ನನ್ನ ಅಂಗೈಯಿಂದ ಮಾತ್ರ ತಿನ್ನುತ್ತಿತ್ತು. ಗಿನಿ ಕೋಳಿಯ ಬೋಳು ತಲೆ, ಹುಂಜನ ನಡಿಗೆ, ಬೂದು ರೆಕ್ಕೆಯ ಮೇಲೆ ಸಾಬಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಮಧ್ಯಾಹ್ನ ನನ್ನ ಹೊಟ್ಟೆಯ ಮೇಲೆ ಮಲಗಿ ಸಣ್ಣಗೆ ಗೊರಕೆ ಹೊಡೆಯುವಾಗ, ಯಾರಿಗೂ ಹೇಳಬೇಡಿ, ನಾನೂ ಕಾಲು ಅಲುಗಿಸದೆ ಮಲಗಿರುತ್ತಿದ್ದೆ.

ಪುಕ್ಕ ಬಲಿತಾಗ ಡಾಕ್ಟರ್ ಶಶಿಶೇಖರ್ ಬಂದರು. ಯಂತ್ರ ಬಾಗಿಲಿಗೆ ಅಡ್ಡ ನಿಂತಿತು.

"ಬೀದಿಯಿಂದ ಸೀದಾ ಬರ್ತಾರಾ? ಕಾಲು ತೊಳ್ಕೊಂಡು ಬಾ!"

ಡಾಕ್ಟರು ಕಾಲು ತೊಳೆದು ಬಂದರು. ಯಂತ್ರ ಕೈ ಮುಂದೆ ಚಾಚಿತು.

"ಕೂಸು ನೋಡೋಕೆ ಬರಿಗೈಲಿ ಬರಬಾರದು ಸಾರ್," ಎಂದು ನಾನು ಮಂಚದಿಂದಲೇ ವಿವರಿಸಿದೆ. ಅವರು ಜೇಬು ತಡಕಿ ಥರ್ಮಾಮೀಟರ್ ಕೊಟ್ಟರು. ತಮ್ಮ ಬೋಳುನೆತ್ತಿಗೂ ದೃಷ್ಟಿಬೊಟ್ಟು ಬಿದ್ದಾಗ ಅವರು ಬೆಚ್ಚಿದರಾದರೂ, ರೆಕ್ಕೆ ಬಿಡಿಸಿ ನೋಡುತ್ತಲೇ ಎಲ್ಲವನ್ನೂ ಮರೆತರು.

"ಅಪ್ಪಟ ಮಿಶ್ರತಳಿ ರಂಗಧಾಮಯ್ಯನೋರೇ! ನಾಳೆನೇ ಜೀಪ್ ತರ್ತೀನಿ!"

ಭಾವ ಅಂದು ಅಂಗಡಿ ತೆರೆಯಲಿಲ್ಲ. ಬೀದಿಬೀದಿ ತಿರುಗಿ ಸುದ್ದಿ ಹೇಳಿದರು.

ಅದೇ ಸಂಜೆ ಅಳಿಯ ಬಂದು ವನಜಾಕ್ಷಿಯನ್ನೂ ಮಗುವನ್ನೂ ಕರೆದುಕೊಂಡು ಹೋದ. ಅಕ್ಕ ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ, ಕೂಸನ್ನು ಕೈಗಿತ್ತು, ಕಣ್ಣೊರೆಸಿಕೊಂಡು ಗಂಡನ ಮನೆಗೆ ಕಳಿಸಿಕೊಟ್ಟಳು. ಹಿಂದೆ ಗಾಲಿಗಳ ಮೇಲೆ ನಿಂತಿದ್ದ ಯಂತ್ರವನ್ನು ನಾವು ಯಾರೂ ಗಮನಿಸಲಿಲ್ಲ.

ಬೆಳಿಗ್ಗೆ ಜೀಪು ಬಂದು ನಿಂತಿತು. ಭಾವ ಇಸ್ತ್ರಿ ಅಂಗಿ ತೊಟ್ಟು, ಮರಿಗೆಂದು ಬೆತ್ತದ ಬುಟ್ಟಿ ಹಿಡಿದು ಕೋಣೆಗೆ ಬಂದರು. ಅಷ್ಟರಲ್ಲಿ ಯಂತ್ರ ನನ್ನ ಟವೆಲ್ಲಿನ ಮಡಿಲಿಗೆ ಮೂರು ಸೇರು ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದಚ್ಚು ಸುರಿದಾಗಿತ್ತು! ಎಲ್ಲದರ ಮೇಲೆ ರಂಗಗಿನಿಯನ್ನು ಕೂರಿಸಿ, ನನ್ನ ಬೆನ್ನು ಹಿಡಿದು ಬೀದಿಗೆ ನಡೆಸಿತು.

"ಅಳಬೇಡ ನನ್ ಕಂದ. ಗಂಡನ ಮನೇಲಿ ಚೆನ್ನಾಗಿ ಬಾಳು!"

"ಲೇ! ಮರಿ ಇಲ್ಲಿ ಕೊಡು!" ಎಂದು ಭಾವ ಕೈ ಹಾಕಿದರು. ಯಂತ್ರಕ್ಕಿಂತ ಮೊದಲು ಅಕ್ಕನೇ ಆ ಕೈ ಹಿಡಿದಳು.

"ಥೂ! ಮಡಿಲಿಗೆ ಹಾಕಿ ಕಳ್ಸಿದ್ದನ್ನ ವಾಪಸ್ ಕಿತ್ಕೊಳ್ತಾರೇನ್ರೀ? ಅದೂ ತವರುಮನೆಯೋರು!"

"ಇವನು ಗಂಡ್ಸು ಕಣೇ!"

"ಮಡಿಲು ತುಂಬಿದ್ಮೇಲೆ ಮುಗೀತು!"

ಭಾವ ಡಾಕ್ಟರ ಮುಖ ನೋಡಿದರು. ಬುಟ್ಟಿ ಮುಂದೊಡ್ಡಿದ ಕೂಡಲೇ ಮರಿ ಕತ್ತು ಚೆಲ್ಲಿತು. ನಾನು ಎದೆಗೊತ್ತಿಕೊಂಡಾಗ ಮತ್ತೆ ಎದ್ದಿತು. ಡಾಕ್ಟರು ನಿಟ್ಟುಸಿರುಬಿಟ್ಟು, "ಇದು ಇವರ ಮನೆಯಲ್ಲೇ ಇರಲಿ. ಕೇಂದ್ರದೋರೇ ಬಂದು ನೋಡ್ತಾರೆ. ಹೆಸರು ರಂಗಗಿನಿ ಅಂತಲೇ ಇರುತ್ತೆ," ಎಂದರು.

ಭಾವ ಖಾಲಿ ಬುಟ್ಟಿಯನ್ನು ಬಹಳ ಹೊತ್ತು ತಿರುಗಿಸಿದರು. ಕೊನೆಗೆ ಬಂದು, ಒಂದೇ ಬೆರಳಿನಿಂದ ಮರಿಯ ಬೋಳು ತಲೆ ಸವರಿದರು. "ಚೆನ್ನಾಗಿ ನೋಡ್ಕೋ ಲಕ್ಕ. ಭಾನುವಾರ ಭಾನುವಾರ ಬರ್ತೀನಿ."

ಬಜಾರಿನ ನಡುವೆ ನಾನು ಮಡಿಲು ಹಿಡಿದು ನಡೆದೆ. ಹಿಂದೆ ಕೌದಿ ಹೊದ್ದ ಯಂತ್ರ. ಎಲ್ಲರೂ ದಾರಿ ಬಿಟ್ಟರು.

ನನ್ನ ಹೆಂಡತಿ ನಿಂಗಮ್ಮ ಬಾಗಿಲಲ್ಲಿ ನಿಂತು ನನ್ನನ್ನು, ಮರಿಯನ್ನು, ಟವೆಲ್ಲನ್ನು ಒಂದೊಂದಾಗಿ ನೋಡಿ ಒಳಗೆ ಬಿಟ್ಟುಕೊಂಡಳು. ಯಂತ್ರವೂ ಒಳಗೆ ಬಂತು. ಅಡುಗೆಮನೆಗೆ ಹೋಗಿ, ಸಾರಿನ ಮುಚ್ಚಳ ತೆಗೆದು ನೋಡಿ, "ನಮ್ಮನೇಲಿ ಇಷ್ಟು ನೀರಾಗಿ ಮಾಡಲ್ಲ," ಎಂದು ನಡುಮನೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಇದನ್ನು ಕರೆದುಕೊಂಡು ಹೋಗಿ ಎನ್ನಲು ನಾನು ಭಾವನಿಗೆ ಫೋನ್ ಹಚ್ಚಲು ಎದ್ದೆ. ನಿಂಗಮ್ಮ ಬೇಡವೆಂದು ಸನ್ನೆ ಮಾಡಿದಳು.

"ಬೀಗಿತ್ತಿ ಯಾವಾಗ ಹೊರಡ್ತಾರೆ ಅಂತ ನಾವಾಗಿ ಕೇಳೋಕಾಗುತ್ತೇನ್ರೀ? ನಡುಮನೇಲಿ ಒಂದು ಪ್ಲಗ್ ಪಾಯಿಂಟ್ ಹಾಕ್ಸಿ."