ಹೂಂ ಬರದೆ ಬಸ್ಸು ಹೊರಡುವುದಿಲ್ಲ

ನಮ್ಮ ಕಾಕಾ ಒಂದೇ ವಾರದಲ್ಲಿ ಅಂಕಲಗಿಯ ಅರ್ಧ ಮೊಬೈಲುಗಳನ್ನು ಕೆಡಿಸಿದ ಮಹಾನುಭಾವರು. ಅದೂ ಒಂದನ್ನೂ ಕೈಯಿಂದ ಮುಟ್ಟದೆ! ನಂಬುವುದಿಲ್ಲವೇ? ಆ ವಾರ ನನಗೆ ಬಂದ ಫೋನುಗಳನ್ನು ಕೇಳಿದ್ದರೆ ನಂಬುತ್ತಿದ್ದಿರಿ.

"ಟೀಚರ್ರ, ಗ್ರೂಪಿನಾಗ ಬಂದ ಕಥಿ ನಡಕ ನಿಂತ ಬಿಡತೈತ್ರಿ. ನೆಟ್ ಹೋಗೇತೋ, ಮೊಬೈಲ್ ಹೋಗೇತೋ?"

ಒಬ್ಬ ತಂದೆಯಂತೂ ಗೋಕಾಕಕ್ಕೇ ಹೋಗಿ ರಿಪೇರಿಯವನ ಮುಂದೆ ಮೊಬೈಲ್ ಇಟ್ಟು, "ಇದರಾಗಿನ ಮುದುಕ ಹ್ಯಾಂಗ್ ಆಗ್ಯಾನ, ನೋಡ್ರಿ" ಎಂದನಂತೆ. ಪರದೆಯ ಮೇಲೆ ನಮ್ಮ ಕಾಕಾ ಬಾಯಿ ಅರ್ಧ ತೆರೆದು, ಕಿವಿ ಒಂದು ಕಡೆ ವಾಲಿಸಿ, ಅಲುಗಾಡದೆ ಕೂತಿದ್ದರು. ರಿಪೇರಿಯವನು ಮೊಬೈಲ್ ಬಂದ್ ಮಾಡಿ ಚಾಲೂ ಮಾಡಿದ. ಮತ್ತೆ ಅದೇ! ಕೊನೆಗೆ ಕಾಕಾನ ಹಿಂದಿನ ಗೋಡೆಯ ಮೇಲೆ ಹಲ್ಲಿಯೊಂದು ಸರಸರ ಓಡಿದ್ದನ್ನು ಕಂಡು, "ಮೊಬೈಲ್ ಬರೋಬ್ಬರಿ ಐತ್ರಿ. ಮುದುಕನ್ನ ದವಾಖಾನಿಗೆ ತೋರಸ್ರಿ" ಎಂದು ವಾಪಸ್ ಕೊಟ್ಟನಂತೆ.

ಇದರ ಮೂಲ ನಾನೇ. ನಾನು ಅಂಕಲಗಿಯಲ್ಲಿ ಅಂಗನವಾಡಿ ಟೀಚರ್. ಮಕ್ಕಳು ಮನೆಯಲ್ಲೂ ಕಥೆ ಕೇಳಲಿ, ಅಕ್ಷರ ನೋಡಲಿ ಎಂದು ವಾರಕ್ಕೊಂದು ವಿಡಿಯೋ ಪಾಲಕರ ಗ್ರೂಪಿಗೆ ಹಾಕುವ ಕೆಲಸ ಎರಡು ವರ್ಷದ ಹಿಂದೆ ನನ್ನ ಕೊರಳಿಗೆ ಬಿತ್ತು. ನನಗೋ, ಕ್ಯಾಮೆರಾ ಕಂಡರೆ ನನ್ನ ಹೆಸರೇ ಮರೆತುಹೋಗುತ್ತದೆ. ಆಗ ನೆನಪಾದವರು ಕಾಕಾ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ ಗಂಟಲು! ಹುಟ್ಟಿದ್ದು ಮಸಗುಪ್ಪಿಯಲ್ಲಾದರೂ ನಿವೃತ್ತರಾದ ಮೇಲೆ ಮೂಡಲಗಿ ಬಸ್ ನಿಲ್ದಾಣದ ಹಿಂದೆಯೇ ಎರಡು ಖೋಲಿ ಹಿಡಿದರು. ಹಾರ್ನ್ ಕೇಳದಿದ್ದರೆ ನಿದ್ದೆ ಬರುವುದಿಲ್ಲವಂತೆ. ಮಕ್ಕಳಿಲ್ಲ. ಹೋದ ವರ್ಷ ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡರು. ಈಗ ಆ ಎರಡು ಖೋಲಿಯಲ್ಲಿ ಕಾಕಾ, ಹಾರ್ನು ಮತ್ತು ಆ ಹಲ್ಲಿ, ಇಷ್ಟೇ.

ಮೊದಲೆಲ್ಲ ನಾನೇ ಹೋಗಿ ವಿಡಿಯೋ ಮಾಡಿ, ಬೇಡವಾದದ್ದನ್ನು ಕತ್ತರಿಸಿ ಹಾಕುತ್ತಿದ್ದೆ. ಕಾಕು ಹೋದ ಮೇಲೆ ಮೂರು ತಿಂಗಳು ಕಾಕಾ ಕಥೆಯ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಒಂದು ದಿನ ತಾವೇ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿಟ್ಟು, ತಾವೇ ಹೇಳಿ, ತಾವೇ ಗ್ರೂಪಿಗೆ ಹಾಕಿಬಿಟ್ಟರು. ಮೊಬೈಲುಗಳು ಕೆಟ್ಟದ್ದು ಆಗಲೇ. ನಾನು ಸಿಟ್ಟಿನಿಂದ ಫೋನ್ ಹಚ್ಚಿದೆ.

"ಕಾಕಾ, ನಡಕ ನಡಕ ಯಾಕ ಸುಮ್ಮ ಕುಂಡರತೀರಿ?"

"ಹೂಂ ಬರೂತನಾ ನಿಂದರಬೇಕಲ್ಲವಾ."

"ಯಾರ ಹೂಂ?"

"ಕೇಳೋರದು! ಹೂಂ ಅನ್ನಲಾರದ ಕಥಿ ಮುಂದ ಹೆಂಗ ಹೋಗತೈತಿ? ರೈಟ್ ಅನ್ನಲಾರದ ಬಸ್ ಬಿಡತಾರೇನು?"

ಕಥೆಗೆ ಹೂಂಗುಟ್ಟುವವರು ಬೇಕು ಎಂಬುದೇನೋ ಖರೆ. ನಾವೆಲ್ಲ ಅಜ್ಜಿಯ ಮಗ್ಗುಲಲ್ಲಿ ಹೂಂ ಅನ್ನುತ್ತಲೇ ನಿದ್ದೆ ಹೋದವರು. ಆದರೆ ಮೊಬೈಲಿನ ಒಳಗೆ ಕೂತು, ಎಲ್ಲೋ ಇರುವ ಮಕ್ಕಳ ಹೂಂಗೆ ಕಾಯುವುದೆಂದರೆ? ಅದೂ ಒಂದು ಕ್ಷಣ ಎರಡು ಕ್ಷಣ ಅಲ್ಲ, ನಾನು ಒಂದು ಕೊಡ ನೀರು ತುಂಬಿಸುವಷ್ಟು ಹೊತ್ತು!

ಅವರ ಕಥೆಗಳೂ ಹಾಗೇ. ಅವುಗಳಲ್ಲಿ ಕಾಡೇ ಇಲ್ಲ, ಬಸ್ ಮಾತ್ರ. ಮೊಲ ಮೂಡಲಗಿಯಲ್ಲಿ ಹತ್ತುತ್ತದೆ, ಕಲ್ಲೋಳಿಯಲ್ಲಿ ಕಿಟಕಿ ಸೀಟು ಸಿಗುತ್ತದೆ, ಗೋಕಾಕದಲ್ಲಿ ಇಳಿದು ಕರದಂಟು ತಿನ್ನುತ್ತದೆ. ನರಿ ತನಗೆ ಹತ್ತೇ ವರ್ಷ ಎಂದು ಸುಳ್ಳು ಹೇಳಿ ಅರ್ಧ ಟಿಕೆಟ್ ಕೇಳುತ್ತದೆ. ನಾನೊಂದು ಚಿತ್ರದ ಪುಸ್ತಕ ಕೊಟ್ಟು, ಹೀಗೆ ತೋರಿಸುತ್ತಾ ಓದಿ ಎಂದೆ. ಕ್ಯಾಮೆರಾಕ್ಕೆ ತಗಲುವಷ್ಟು ಹತ್ತಿರ ಹಿಡಿದರು. ಮಕ್ಕಳಿಗೆ ಕಂಡದ್ದು ಕಾಕಾನ ಹೆಬ್ಬೆರಳು ಮಾತ್ರ! ಕೊನೆಗೆ ಪುಸ್ತಕ ಬದಿಗಿಟ್ಟು, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಊರಿನ ಬೋರ್ಡುಗಳನ್ನು ಬರೆದು ಹಿಡಿಯತೊಡಗಿದರು. "ಇದು ಯಾ ಊರ ಬಸ್ಸ? ನೋಡಿ ಹತ್ರಿ, ಸುಮ್ಮ ಹತ್ತಬ್ಯಾಡ್ರಿ!"

ನಗಬೇಡಿ, ಮಕ್ಕಳು ಕಲಿತವು. ಮೇಲ್ವಿಚಾರಕಿ ಬಂದಾಗ ಒಂದು ಪುಟ್ಟ ಹುಡುಗಿಗೆ ಗೋಡೆಯ ಮೇಲಿನ 'ಹ' ಅಕ್ಷರ ತೋರಿಸಿ, "ಇದು ಏನವಾ?" ಎಂದು ಕೇಳಿದರು.

"ಹುಕ್ಕೇರಿ ಬಸ್ಸಿಂದ್ರಿ!"

"ಶಾಣ್ಯಾಕಿ! ಕಾಡಿನ ರಾಜ ಯಾರು ಹೇಳು?"

"ಕಂಡಕ್ಟರ್ರೀ!"

ಮೇಲ್ವಿಚಾರಕಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಕಥೆ ಹಾಕಿದ ದಿನ ಸಂಜೆ ಕಾಕಾನ ಸಂದೇಶ ತಪ್ಪದೆ ಬರುತ್ತಿತ್ತು: "ಹುಡುಗ್ರು ಏನಂದ್ರು?" ನನಗೆ ರಿಜಿಸ್ಟರು, ಅಡುಗೆ, ಮನೆ, ನೂರೆಂಟು ರಗಳೆ. ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿಬಿಡುತ್ತಿದ್ದೆ. ಒಮ್ಮೆ ಅವರು ಬರೆದರು: "ಯಾವಾಗೂ ಹೆಬ್ಬಟ್ಟ ಒತ್ತತೀಯಲ್ಲವಾ, ನಿನಗ ಸಹಿ ಮಾಡಾಕ ಬರೂದಿಲ್ಲೇನು?" ನಾನು ನಕ್ಕೆ. ನಕ್ಕು ಮತ್ತೊಂದು ಹೆಬ್ಬೆರಳು ಕಳಿಸಿದೆ. ಅವರು ಆ ಖೋಲಿಯಲ್ಲಿ ಒಂದು ಮಾತಿಗಾಗಿ ಕಾಯುತ್ತಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಪಾಲಕರ ದೂರು ಹೆಚ್ಚಾದ ಮೇಲೆ ನಾನೊಂದು ಉಪಾಯ ಹೂಡಿದೆ. ಅಂಗನವಾಡಿಯ ಮಕ್ಕಳನ್ನೆಲ್ಲ ಕೂಡಿಸಿ, "ಹೂಂ" ಅನ್ನಿಸಿ, ರೆಕಾರ್ಡ್ ಮಾಡಿಕೊಂಡೆ. ಮಾಡು ಹಾರಿಹೋಗುವಂಥ ಹೂಂ! ಕಥೆಯ ನಡುವೆ ಇದನ್ನೇ ಹಚ್ಚಿಕೊಂಡರಾಯಿತು, ಕಾಯುವ ಕೆಲಸವೇ ಇಲ್ಲ. ನನ್ನ ಬುದ್ಧಿಗೆ ನಾನೇ ಶಾಭಾಸ್ ಹೇಳಿಕೊಂಡು ರವಿವಾರ ಮೂಡಲಗಿಗೆ ಹೋದೆ.

ಕಾಕಾ ಕಿವಿಗೊಟ್ಟು ಕೇಳಿದರು. ಮಕ್ಕಳ ದನಿಗೆ ಮುಖ ಅರಳಿತು. ಆಮೇಲೆ ಮೊಬೈಲನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟರು.

"ಚಲೋ ಐತವಾ. ಆದರ ಭಾಳ ಲಗೂ ಬಂತು."

"ಲಗೂ ಬಂದರ ಚಲೋ ಅಲ್ಲೇನ್ರಿ?"

"ನಿಮ್ಮ ಕಾಕುಂದು ಹಂಗ ಬರತಿದ್ದಿಲ್ಲ. ಒಳಗ ರೊಟ್ಟಿ ಮಾಡಕೋತ ಕೇಳತಿದ್ಲು. ಹಂಚಿನ ಮ್ಯಾಲಿನ ರೊಟ್ಟಿ ತಿರಿವಿ ಹಾಕಿ, ಆಮ್ಯಾಲೆ ಹೂಂ ಅಂತಿದ್ಲು. ನನಗ ಅಷ್ಟೊತ್ತು ನಿಂದರೂದ ರೂಢಿ ಆಗೇತಿ."

ನನಗೆ ತಟ್ಟನೆ ಮೊದಲ ದಿನದ ವಿಡಿಯೋ ನೆನಪಾಯಿತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ಅದರ ಹಿಂದೆ ಸಣ್ಣದೊಂದು ಹೂಂ. "ಕಾಕು, ನೀವು ಹೂಂ ಅನಬ್ಯಾಡ್ರಿ, ರೆಕಾರ್ಡಿನಾಗ ಗದ್ದಲ ಬರತೈತಿ" ಎಂದಿದ್ದೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ತಪ್ಪು ಮಾಡಿದವರಂತೆ ನಕ್ಕು, ಅದಕ್ಕೂ "ಹೂಂ" ಅಂದಿದ್ದರು. ಆದರೂ ರೂಢಿ ಬಿಡಲಿಲ್ಲ. ಕಥೆಗೆ ಹತ್ತು ಸಲವಾದರೂ ಅನ್ನುತ್ತಿದ್ದರು. ನಾನು ಪ್ರತಿ ಸಲವೂ ಅದನ್ನು ಹುಡುಕಿ ಹುಡುಕಿ ಕತ್ತರಿಸುತ್ತಿದ್ದೆ.

"ಕತ್ತರಸಲಾರದ್ದು ಒಂದರೆ ನಿನ್ನ ಮೊಬೈಲಿನಾಗ ಉಳದೈತೇನವಾ?" ಕಾಕಾ ಕೇಳಿದರು. ಎಷ್ಟು ದಿನದಿಂದ ಕೇಳಬೇಕೆಂದುಕೊಂಡಿದ್ದರೋ!

"ಇಲ್ರಿ ಕಾಕಾ. ಜಾಗಾ ಇಲ್ಲಂತ ಎಲ್ಲಾ ಅಳಿಸೇನ್ರಿ."

"ಇರಲಿ ಬಿಡು" ಎಂದರು. ನನ್ನ ಕೈಗಳ ಮೇಲೆ ನನಗೇ ಸಿಟ್ಟು ಬಂತು. ಅಲ್ಲಿ ಕೂರಲಾಗದೆ, ರೊಟ್ಟಿ ಮಾಡುತ್ತೇನೆಂದು ಒಳಗೆ ಹೋದೆ.

ಹೊರಗೆ ಕಾಕಾ ಡಬ್ಬಿಗೆ ಮೊಬೈಲ್ ಆನಿಸಿ ಆ ವಾರದ ಕಥೆ ಶುರುಮಾಡಿದರು. "ಒಂದ ಊರಾಗ ಒಂದ ಮುದಿ ನರಿ ಇತ್ತಂತ. ಅದಕ್ಕ ಹುಕ್ಕೇರಿಗೆ ಹೋಗಬೇಕಾಗಿತ್ತಂತ."

ಮಾತು ನಿಂತಿತು. ನಾನು ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದೆ. ನೀರು ಸವರಿದೆ. ಅವಸರ ಮಾಡಲಿಲ್ಲ. ತಿರುವಿ ಹಾಕಿದೆ. ಆಮೇಲೆ ಸಣ್ಣಗೆ ಅಂದೆ:

"ಹೂಂ."

ನನ್ನ ಎರಡನೆಯ ರೊಟ್ಟಿಯ ಅಂಚು ಹರಿಯಿತು. ಆಮೇಲೆ ಹೊರಗಿನಿಂದ ಕಾಕಾನ ದನಿ ಬಂತು.

"ರೈಟ್" ಎಂದರು. "ನರಿ ಬಸ್ ಹತ್ತಿತಂತ."