ನನ್ನ ಬೆನ್ನಿನ ತಪಾಸಣೆ

ಯಾವುದು ನೇರ, ಯಾವುದು ಡೊಂಕು ಎಂದು ಹೇಳಿ ಸಂಬಳ ತೆಗೆದುಕೊಳ್ಳುವವರು ಈ ಲೋಕದಲ್ಲಿ ಇಬ್ಬರೇ ಎಂದು ನನ್ನ ಎಣಿಕೆ. ಒಬ್ಬರು ನ್ಯಾಯಾಧೀಶರು, ಇನ್ನೊಬ್ಬ ನಾನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪಂಪುಗಳಿಗೆ ಹಾಕುವ ಉಕ್ಕಿನ ಶಾಫ್ಟುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಶಾಫ್ಟನ್ನು ಎರಡು ಕವೆಗಳ ಮೇಲೆ ಮಲಗಿಸಿ, ಮೇಲೊಂದು ಡಯಲ್ ಇಟ್ಟು, ಮೆಲ್ಲಗೆ ತಿರುಗಿಸುತ್ತೇನೆ. ಡಯಲಿನ ಮುಳ್ಳು ಮೂವತ್ತು ಮೈಕ್ರಾನಿಗಿಂತ ಹೆಚ್ಚು ಆಡಿತೋ, ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳಿಬಿಡುತ್ತೇನೆ. ತಲೆಗೂದಲಿನ ಅರ್ಧದಷ್ಟು ಡೊಂಕನ್ನೂ ಕ್ಷಮಿಸದ ಈ ಮಹಾನುಭಾವನ ಸ್ವಂತ ಬೆನ್ನು ಮಾತ್ರ, ಹದಿನೆಂಟು ವರ್ಷ ಬಗ್ಗಿ ಬಗ್ಗಿ ಡಯಲ್ ನೋಡಿದ್ದರಿಂದ, ಕೊಡೆಯ ಹಿಡಿಯಂತಾಗಿತ್ತು. "ರೀ, ನೆಲದಲ್ಲಿ ಏನಾದ್ರೂ ಬೀಳಿಸ್ಕೊಂಡಿದ್ದೀರಾ?" ಎಂದು ಹೆಂಡತಿ ಗಿರಿಜಾ ಆಗಾಗ ಕೇಳುತ್ತಿದ್ದಳು. ನಾನು ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು, ಜೇಬು ಮುಟ್ಟಿ ನೋಡಿ, ಇಲ್ಲ ಎನ್ನುತ್ತಿದ್ದೆ.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ನಮ್ಮ ತಪಾಸಣಾ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿ ನನ್ನದೇ ಎಂದು ನಾನು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲೇ ಟವೆಲ್ ಹಾಕಿಟ್ಟಿದ್ದೆ. ಒಂದು ಬೆಳಿಗ್ಗೆ ಯಜಮಾನರು ಕರೆದು, ಬಹಳ ಸಂಕೋಚದಿಂದ ವಿಷಯ ಎತ್ತಿದರು. "ಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಕಣ್ರೀ. ಆದ್ರೆ ಹೆಡ್ ಆದ್ಮೇಲೆ ಗಿರಾಕಿಗಳ ಎದುರು ನಿಂತು ಮಾತಾಡ್ಬೇಕು. ನೀವು ನಿಂತ್ಕೊಂಡ್ರೆ, ಅವರು ಬಾಯಿ ಬಿಡೋಕ್ ಮುಂಚೇನೇ ತಪ್ಪೊಪ್ಕೊಂಡಂಗೆ ಕಾಣ್ತೀರಿ. ಆರು ವಾರ ಬಿಟ್ಟು ದೊಡ್ಡ ಗಿರಾಕಿ ಕಂಪನಿಯವರು ಬರ್ತಾರೆ. ಆ ಮೀಟಿಂಗ್ ನೀವೇ ನಡೆಸಿ, ನೋಡೋಣ." ಹದಿನೆಂಟು ವರ್ಷದ ಸರ್ವೀಸು ನನ್ನ ಬೆನ್ನಿನಿಂದಾಗಿ ಕೆಂಪು ಬಣ್ಣ ಬಳಿಸಿಕೊಳ್ಳುವುದರಲ್ಲಿದೆ ಎಂದು ಆಗ ಗೊತ್ತಾಯಿತು.

ಸುಮಿತ್ರಾ ಮೇಡಂ ಹೆಸರು ಹೇಳಿದವಳು ಗಿರಿಜಾ. ಜಾಲಹಳ್ಳಿಯ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತರಾದವರು. ಆಮೇಲೆ ಎಲ್ಲೋ ಎರಡು ವರ್ಷ ಕಲಿತು ಬಂದು, ಮನೆಯ ಮುಂದಿನ ಕೋಣೆಯಲ್ಲಿ ಜನರ ಮೈಯನ್ನು ಕೈಯಿಂದ ಒತ್ತಿ, ಎಳೆದು, ನಿಲುವು ಸರಿಮಾಡುತ್ತಿದ್ದರು. ನಾನು ಬಾಯಿತಪ್ಪಿ ಮಸಾಜ್ ಎಂದುಬಿಟ್ಟೆ. "ಮಸಾಜ್ ಬೇಕಾದ್ರೆ ಕ್ಷೌರದಂಗಡಿಗೆ ಹೋಗಿ. ಇಲ್ಲಿ ನಿಲ್ಲೋದು ಕಲಿಸ್ತೀನಿ" ಎಂದರು. ನಲವತ್ತಾರು ವರ್ಷ ವಯಸ್ಸಿನವನಿಗೆ ನಿಲ್ಲುವುದನ್ನು ಕಲಿಸುತ್ತಾರಂತೆ! ಮೇಲಿನಿಂದ ಒಂದು ತೂಗುಗುಂಡು ಇಳಿಬಿಟ್ಟು ಅದರ ಪಕ್ಕ ನನ್ನನ್ನು ನಿಲ್ಲಿಸಿದರು. ದಾರ ಕಿವಿ, ಭುಜ, ಸೊಂಟ, ಹಿಮ್ಮಡಿಯ ಗಂಟು ಇಷ್ಟನ್ನೂ ಮುಟ್ಟುವಂತೆ ಹಾದುಹೋಗಬೇಕಂತೆ. ನನ್ನ ವಿಷಯದಲ್ಲಿ ಕಿವಿ ಆಗಲೇ ಎದುರಿನ ಗೋಡೆಯ ಕಡೆಗೆ ಹೊರಟಿತ್ತು. ಸಹೋದ್ಯೋಗಿಯನ್ನು ಕಂಡಂತಾಗಿ ನನಗೆ ಆ ಹೆಂಗಸಿನ ಮೇಲೆ ಅಪಾರ ಗೌರವ ಹುಟ್ಟಿತು.

ಹಾಸಿಗೆಯ ಮೇಲೆ ಬೋರಲು ಮಲಗಿದ ಮೇಲೆ ಆ ಗೌರವ ಭಯವಾಯಿತು. ಅವರ ಮೊಣಕೈ ನನ್ನ ಭುಜದ ಕೆಳಗೆ ಇಳಿದಾಗ, ಶಾಲೆಯಲ್ಲಿ ಕಲಿತು ಮರೆತಿದ್ದ ವರ್ಣಮಾಲೆಯ ಸ್ವರಗಳೆಲ್ಲ ಒಂದೊಂದಾಗಿ ಬಾಯಿಂದ ಹೊರಬಂದವು. "ಉಸಿರು ಬಿಡಿ. ಇದನ್ನ ಹಿಡ್ಕೊಂಡು ಎಲ್ಲಿಗೆ ಹೋಗ್ಬೇಕು ನೀವು?" ಎನ್ನುತ್ತ ಅವರು ಇಂಚಿಂಚೇ ಸರಿದರು. ಆದರೆ ಎದ್ದು ನಿಂತೆ ನೋಡಿ! ಅಯ್ಯೋ, ಆ ಸಂಭ್ರಮ ಹೇಗೆ ಹೇಳಲಿ? ಕೋಣೆಯೇ ತಗ್ಗಾದಂತಿತ್ತು. ಗೋಡೆಯ ಮೇಲಿದ್ದ ಗಡಿಯಾರ ಕತ್ತೆತ್ತದೆ ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದರೆ ಮೊಣಕೈ ಮಡಚುವಷ್ಟು ಎತ್ತರ ಬಂದಿತ್ತು. ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಇಷ್ಟು ವರ್ಷ ಬರೀ ಫುಟ್‌ಪಾತಿನ ಕಲ್ಲುಗಳನ್ನೇ ಕಂಡಿದ್ದ ನಾನು, ಅಂಗಡಿಗಳಿಗೆ ಮೊದಲ ಮಹಡಿಗಳೂ ಇವೆ ಎಂದು ಕಂಡುಕೊಂಡೆ. ಮನೆಗೆ ಹೋಗಿ ಗಿರಿಜಾಳ ಪಕ್ಕ ನಿಂತೆ. ಅವಳು ಒಮ್ಮೆ ಮೇಲೆ ನೋಡಿ, "ಯಾರ್ರೀ ಬೇಕಾಗಿತ್ತು?" ಎಂದಳು.

ವೃತ್ತಿಯ ಚಾಳಿ ಸುಮ್ಮನೆ ಬಿಡುತ್ತದೆಯೇ? ಅಳೆಯದೆ ಯಾವುದನ್ನೂ ನಂಬಿದವನಲ್ಲ ನಾನು. ನಮ್ಮ ತಪಾಸಣಾ ಕೋಣೆಯಲ್ಲಿ ಉದ್ದನೆಯ ಶಾಫ್ಟುಗಳಿಗೆಂದು ತರಿಸಿದ ಆಳುದ್ದದ ಕಪ್ಪು ಗ್ರಾನೈಟ್ ಕಲ್ಲಿದೆ. ಅದಕ್ಕಿಂತ ಸಮತಟ್ಟಾದ ವಸ್ತು ಇಡೀ ಕಾರ್ಖಾನೆಯಲ್ಲಿಲ್ಲ. ಅದರ ಮೇಲೆ ಕಾಫಿ ಲೋಟ ಇಟ್ಟವರನ್ನು ನಾನೇ ಉಗಿದಿದ್ದೇನೆ. ಊಟದ ಹೊತ್ತಿನಲ್ಲಿ ಬಾಗಿಲು ಹಾಕಿ ಆ ಕಲ್ಲಿನ ಮೇಲೆ ಅಂಗಾತ ಮಲಗಿದೆ. ಶಾಫ್ಟುಗಳನ್ನು ಕೈಪ್ರೆಸ್ಸಿನಲ್ಲಿ ಒತ್ತಿ ನೇರಮಾಡುವ ಬಾಗಲಕೋಟೆ ಕಡೆಯ ಬಸಪ್ಪ, ನನ್ನ ತಲೆಗೂ ಕಲ್ಲಿಗೂ ನಡುವಿನ ಸಂದಿಗೆ ಅಳತೆಯ ಉಕ್ಕಿನ ತುಂಡುಗಳನ್ನು ತೂರಿಸಿ ಓದಿದ: "ಅರವತ್ತು ಮಿಲಿಮೀಟರ್ ಐತ್ರೀ ಸರ." ಮುಂದಿನ ವಾರ ನಲವತ್ತೆಂಟಾಯಿತು. ಅದರ ಮುಂದಿನ ವಾರ ಮೂವತ್ತೈದು! ತಪಾಸಣಾ ಹಾಳೆಯಲ್ಲಿ ಬಿಡಿಭಾಗದ ಹೆಸರಿನ ಜಾಗದಲ್ಲಿ ನನ್ನ ಹೆಸರನ್ನೇ ಬರೆದು, ಷರಾ ಕಾಲಮಿನಲ್ಲಿ 'ರಿಪೇರಿಯಲ್ಲಿದೆ' ಎಂದು ಸಹಿ ಹಾಕುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಸಪ್ಪ ಒಂದು ದಿನ ತನ್ನ ವಿದ್ಯೆಯನ್ನು ಧಾರೆಯೆರೆದ. "ಸರ, ಶಾಫ್ಟ್ ನೆಟ್ಟಗ ಆಗೂ ಮಟಾ ಒತ್ತಿದ್ರ ಸಾಲಂಗಿಲ್ರೀ. ಕೈ ಬಿಟ್ಟ ಕೂಡ್ಲೆ ತಿರುಗಿ ಬಗ್ಗತೈತಿ. ನೆಟ್ಟಗ ಆಗಿ, ಆಕಡಿ ಒಂಚೂರು ಜಾಸ್ತಿನ ಬಗ್ಗಿಸಬೇಕು. ಆಗ ವಾಪಸ್ ಬಂದು ಸರಿ ನಿಲ್ಲತೈತಿ. ನಿಮಗೂ ಅಷ್ಟ." ಎಷ್ಟು ತರ್ಕಬದ್ಧ! ಅಂದಿನಿಂದ ನಾನು ಎದೆ ಉಬ್ಬಿಸಿ, ಗದ್ದ ಎತ್ತಿ, ಒಂಚೂರು ಜಾಸ್ತಿಯೇ ಹಿಂದಕ್ಕೆ ಬಾಗಿ ನಡೆಯತೊಡಗಿದೆ. ಫ್ಯಾನುಗಳ ಧೂಳು ಕಾಣುತ್ತಿತ್ತು, ಎದುರಿಗಿದ್ದ ಮೆಟ್ಟಿಲು ಕಾಣುತ್ತಿರಲಿಲ್ಲ. "ನೆಟ್ಟಗೆ ನಿಲ್ಲಿ ಅಂದೆ, ಹಿಂದಕ್ಕೆ ಬೀಳಿ ಅಂತ ಯಾರ್ ಹೇಳಿದ್ರು?" ಎಂದು ಮೇಡಂ ಗದರಿದರು. ಉಕ್ಕಿನ ವಿಷಯ ಇವರಿಗೇನು ಗೊತ್ತು ಎಂದು ನಾನು ಒಳಗೊಳಗೇ ನಕ್ಕೆ.

ಮೀಟಿಂಗಿನ ದಿನ ಬಂತು. ಗಿರಾಕಿ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಬಂದು, ನಲವತ್ತು ಶಾಫ್ಟುಗಳು ಡೊಂಕಾಗಿವೆ ಎಂದು ಮೇಜು ಕುಟ್ಟಿದರು. ನಾನು ಎದ್ದು ನಿಂತೆ. ಎದೆ ಮುಂದೆ, ಗದ್ದ ಮೇಲೆ. "ನಮ್ಮಲ್ಲಿಂದ ಹೊರಟಾಗ ನೇರವಾಗೇ ಇದ್ವು ಸಾರ್" ಎಂದೆ. ವಿನಯದಿಂದಲೇ ಹೇಳಿದೆ, ಆಣೆಯಾಗಿಯೂ. ಆದರೆ ಆ ನಿಲುವಿನಲ್ಲಿ ಅದು ಬೇರೆಯೇ ಥರ ಕೇಳಿಸಿರಬೇಕು. ಅಧಿಕಾರಿಯ ಮುಖ ಕೆಂಪಾಯಿತು. "ಏನ್ರೀ ಈ ಮನುಷ್ಯನ ಪೊಗರು? ಇವರ ಹತ್ರ ನಾನ್ ಮಾತಾಡಲ್ಲ, ಇಡೀ ಆರ್ಡರ್ ವಾಪಸ್ ತಗೋತೀನಿ. ಮುಂಚೆ ಮೀಟಿಂಗಲ್ಲಿ ಹಿಂದ್ಗಡೆ ಒಬ್ರು ನಿಂತಿರ್ತಿದ್ರಲ್ಲ? ಕೈ ಕಟ್ಕೊಂಡು, ಬಗ್ಗಿ, ಪಾಪ! ಅವರ ಮುಖ ನೋಡಿದ್ರೆ ಬೈಯೋಕೇ ಮನಸ್ಸು ಬರ್ತಿರ್ಲಿಲ್ಲ. ಅವರನ್ನ ಕರೀರಿ."

ಯಜಮಾನರು ನನ್ನನ್ನು ನೋಡಿದರು. ನಾನು ಯಜಮಾನರನ್ನು ನೋಡಿದೆ. "ಕರ್ಕೊಂಡ್ ಬರ್ತೀನಿ ಸಾರ್" ಎಂದು ಹೊರಗೆ ಬಂದೆ. ಕಾರಿಡಾರಿನಲ್ಲಿ ಒಂದು ನಿಮಿಷ ನಿಂತು, ಉಸಿರು ಬಿಟ್ಟು, ಆರು ವಾರದ ಸಂಪಾದನೆಯನ್ನೆಲ್ಲ ಇಳಿಸಿದೆ. ಭುಜ ಮುಂದೆ ಬಂತು, ಕುತ್ತಿಗೆ ಚಾಚಿತು. ಕೈಕಟ್ಟಿ ಒಳಗೆ ಹೋದೆ.

"ಹಾಂ, ಇವರೇ!" ಎಂದರು ಅಧಿಕಾರಿ, ಮುಖ ಅರಳಿಸಿ. "ಬನ್ನಿ ಬನ್ನಿ, ಕೂತ್ಕೊಳ್ಳಿ. ಆಗ್ಲೇ ಬಂದಿದ್ರಲ್ಲ, ಅವರನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ?" ಹತ್ತು ನಿಮಿಷದಲ್ಲಿ ಎಲ್ಲ ಬಗೆಹರಿಯಿತು. ಆರ್ಡರ್ ಉಳಿಯಿತು. ನಲವತ್ತು ಶಾಫ್ಟುಗಳನ್ನು ಮತ್ತೆ ಒತ್ತಿಕೊಡುವುದೆಂದಾಯಿತು. ಸಂಜೆ ಯಜಮಾನರು ನನ್ನ ಕೈ ಕುಲುಕಿ ಹುದ್ದೆ ಕೊಟ್ಟರು. "ಮಿಕ್ಕ ಹೊತ್ತು ಹೇಗಾದ್ರೂ ಇರಿ. ಗಿರಾಕಿ ಬಂದಾಗ ಮಾತ್ರ ಹಳೇ ಥರ ಬಂದ್ಬಿಡಿ" ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು, ಸ್ವಲ್ಪ ಅವಮಾನವೂ ಆಯಿತು. ಖುಷಿಯೇ ಹೆಚ್ಚು ಎಂದು ಗಿರಿಜಾಳಿಗೆ ಹೇಳಿದೆ.

ತಮಾಷೆ ಎಂದರೆ, ಗೊತ್ತಿಲ್ಲದೆ ಬಗ್ಗಿದ್ದ ಹದಿನೆಂಟು ವರ್ಷ ಒಂದು ದಿನವೂ ನೋಯದ ಬೆನ್ನು, ಹೊಸ ಕುರ್ಚಿ ಸಿಕ್ಕಿದ ಮೂರೇ ತಿಂಗಳಿಗೆ ನೋಯತೊಡಗಿತು. ಮತ್ತೆ ಜಾಲಹಳ್ಳಿಗೆ ಹೋಗಿ ಬೋರಲು ಮಲಗಿದೆ. ಮೇಡಂ ಬೆರಳಾಡಿಸುತ್ತ ಒಂದು ಕಡೆ ನಿಂತರು. "ಈ ಗಂಟು ಹೊಸದು. ಮುಂಚೆ ಇರ್ಲಿಲ್ಲ. ಏನ್ರೀ ಆಯ್ತು ನಿಮ್ಗೆ?"

"ಪ್ರಮೋಷನ್ ಆಯ್ತು ಮೇಡಂ" ಎಂದೆ.