ಟೆರೇಸಿನ ಬಸಳೆ ಮತ್ತು ನಮ್ಮ ಮರ್ಯಾದೆ

ಕೊಡುವುದರಷ್ಟು ಸುಖದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಕೊಡುವವನು ಎದೆಯನ್ನು ಕೊಂಚ ಮುಂದಕ್ಕೆ ಚಾಚಿ, ಮುಖದಲ್ಲಿ ಹದವಾದ ನಗೆ ತಂದುಕೊಂಡು, "ಅಯ್ಯೋ, ಇದೇನು ಮಹಾ" ಎಂದರೆ ಮುಗಿಯಿತು. ತೆಗೆದುಕೊಳ್ಳುವವನ ಪಾಡು ಹಾಗಲ್ಲ. ಕೈಯನ್ನು ಎಷ್ಟು ಚಾಚಬೇಕು, ಕಣ್ಣನ್ನು ಎಲ್ಲಿಡಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಇದು ನನಗೆ ತಿಳಿದದ್ದು ಕೋಪರಖೈರಣೆಯ ನಮ್ಮ ಕಟ್ಟಡದ ಟೆರೇಸಿನಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಕಂಕುಳಲ್ಲಿ ಬಟ್ಟೆಯ ಚೀಲ ಮುದುರಿಕೊಂಡು ನಿಂತಿದ್ದಾಗ.

ಆ ವರ್ಷ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಶಬ್ದ: ಮಂದಿ. ಕನ್ನಡದಲ್ಲಿ ಮಂದಿ ಎಂದರೆ ಜನ, ಇಲ್ಲಿಯ ಹಿಂದಿ, ಮರಾಠಿಯಲ್ಲಿ ಮಂದಿ ಎಂದರೆ ಧಂಧೆ ಇಲ್ಲದ ಕಾಲ. ನಮ್ಮ ಕಟ್ಟಡದಲ್ಲಿ ಎರಡೂ ಧಾರಾಳವಾಗಿದ್ದವು. ಎದುರು ಮನೆಯ ಜಯಕರ ಶೆಟ್ಟರ ಹೋಟೆಲಿಗೆ ಬೀಗ ಬಿದ್ದಿತ್ತು. ಕೆಳಗಿನ ಮಹಡಿಯ ಇಬ್ಬರು ಕೆಲಸ ಕಳೆದುಕೊಂಡು ಹಗಲೆಲ್ಲ ಬಾಲ್ಕನಿಯಲ್ಲಿ ನಿಲ್ಲತೊಡಗಿದ್ದರು. ಹೀಗಿರುವಾಗ ಸೊಸೈಟಿಯ ಮೀಟಿಂಗಿನಲ್ಲಿ ಅಧ್ಯಕ್ಷರಾದ ಧಾರವಾಡದ ಕುಲಕರ್ಣಿಯವರು, "ಖರ್ಚು ಭಾಳ ಆಗ್ಯಾವ್ರೀ. ರಾಮದೇವನ್ನ ತಗೀಬೇಕಾಗ್ತದ, ಬ್ಯಾರೆ ದಾರಿ ಇಲ್ಲ" ಎಂದರು. ರಾಮದೇವ ನಮ್ಮ ವಾಚ್‌ಮನ್. ಗೇಟಿನ ಪಕ್ಕದ ಕೋಣೆಯಲ್ಲಿ ಹೆಂಡತಿ, ಮಗಳೊಂದಿಗೆ ವಾಸ. ಕೆಲಸ ಹೋದರೆ ಮನೆಯೂ ಹೋದಂತೆ.

ನಾನು ಎದ್ದು ನಿಂತೆ. ಪೇಪರಿನಲ್ಲಿ ಹಸಿರು ನೀತಿಯ ಬಗ್ಗೆ ಯಾರೋ ಬರೆದದ್ದನ್ನು ಬೆಳಿಗ್ಗೆಯಷ್ಟೇ ಓದಿದ್ದೆ. "ಕಷ್ಟಕಾಲದಲ್ಲಿ ಜನರನ್ನು ಕಡಿಮೆ ಮಾಡಬಾರದು, ಪೋಲು ಕಡಿಮೆ ಮಾಡಬೇಕು" ಎಂದು ಶುರು ಮಾಡಿದವನು ನಿಲ್ಲಲೇ ಇಲ್ಲ. ಮಧ್ಯಾಹ್ನ ಲಿಫ್ಟ್ ಬಂದ್ ಮಾಡೋಣ, ಹಸಿಕಸದಿಂದ ಗೊಬ್ಬರ ಮಾಡೋಣ, ಆ ಗೊಬ್ಬರದಿಂದ ಟೆರೇಸಿನಲ್ಲಿ ತರಕಾರಿ ಬೆಳೆಯೋಣ, ಅದನ್ನು ತೊಂದರೆಯಲ್ಲಿರುವ ಮನೆಗಳಿಗೆ ಪುಕ್ಕಟೆ ಕೊಡೋಣ. ಜನ ಚಪ್ಪಾಳೆ ತಟ್ಟಿದರು. ರಾಮದೇವನ ಕೆಲಸ ಉಳಿಯಿತು.

ಲಿಫ್ಟಿನ ಕಥೆ ಬೇರೆಯೇ ಆಯಿತು. ಮೇಲಿನ ಮಹಡಿಯ ಅಜ್ಜಿಯೊಬ್ಬರು ಡಾಕ್ಟರಲ್ಲಿಗೆ ಹೋಗಿ ಬಂದವರು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟರು. ನನಗೆ ನಾಚಿಕೆಯಾಗಿ, ಮಂಡಿನೋವಿನವರಿಗೆ ಲಿಫ್ಟ್ ಬಿಡಬಹುದೆಂದು ತಿದ್ದುಪಡಿ ತಂದೆ. ಮರುದಿನದಿಂದ ಕಟ್ಟಡಕ್ಕೆ ಕಟ್ಟಡವೇ ಕುಂಟತೊಡಗಿತು.

ಆದರೆ ತೋಟ ಗೆದ್ದಿತು. ಡೊಂಬಿವಲಿಯ ತಂಗಿಯ ಮನೆಯಿಂದ ನನ್ನ ಹೆಂಡತಿ ವಾಸಂತಿ ಬಸಳೆಯ ದಂಟುಗಳನ್ನು ತಂದಳು. ಲೋಕಲ್ ರೈಲಿನ ಗರ್ದಿಯಲ್ಲಿ ತನ್ನ ತಲೆ ಜಜ್ಜಿಹೋದರೂ ಚಿಂತಿಲ್ಲವೆಂಬಂತೆ ಅವನ್ನು ಮಗುವಿನ ಹಾಗೆ ಮೇಲೆತ್ತಿ ಹಿಡಿದು ಬಂದಿದ್ದಳು. ಮುರಿದ ಬಕೆಟು, ಪೇಂಟಿನ ಡಬ್ಬಿಗಳಲ್ಲಿ ಊರಿದ ದಂಟು ಚಿಗುರಿ, ಹಗ್ಗ ಹಿಡಿದು ನೀರಿನ ಟ್ಯಾಂಕಿನ ಮೇಲೆ ಹತ್ತಿತು. ಹರಿವೆ ಬಂತು, ಬೆಂಡೆ ಬಂತು. ಬಾರದವರು ತೊಂದರೆಯಲ್ಲಿರುವವರು ಮಾತ್ರ. "ತೊಂದರೆಯಲ್ಲಿರುವ ಕುಟುಂಬಗಳಿಗೆ ಉಚಿತ" ಎಂದು ನಾನು ಚಂದದ ಅಕ್ಷರಗಳಲ್ಲಿ ಬೋರ್ಡು ಬರೆದಿಟ್ಟಿದ್ದೆ. ಸೊಪ್ಪು ಬಲಿತು ಹೂ ಬಿಟ್ಟರೂ ಯಾರೂ ಕೀಳುವುದಿಲ್ಲ. ನಾನೇ ಒಂದು ಕಟ್ಟು ಕಿತ್ತು ಶೆಟ್ಟರ ಬಾಗಿಲು ತಟ್ಟಿದೆ. ಅವರು ಅದನ್ನು ನೋಡಿ, "ಬೇಡ ರಾಯರೆ, ಮನೆಯಲ್ಲಿ ಯಾರೂ ಬಸಳೆ ತಿನ್ನುದಿಲ್ಲ" ಎಂದರು. ಉಡುಪಿ ಕಡೆಯ ಮನುಷ್ಯ ಬಸಳೆ ತಿನ್ನುವುದಿಲ್ಲ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮನೆಗೆ ಬಂದು, "ಈ ಜನರಿಗೆ ಜಂಬ" ಎಂದು ವಾಸಂತಿಯ ಮುಂದೆ ಗೊಣಗಿದೆ.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಆಫೀಸಿನವರು, "ಆರ್ಡರ್ ಬರುವವರೆಗೆ ಮನೆಯಲ್ಲೇ ಇರಿ, ಫೋನ್ ಮಾಡುತ್ತೇವೆ" ಎಂದರು. ಸಂಬಳದ ಮಾತು ಅವರೂ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಕಟ್ಟಡದಲ್ಲಿ ಯಾರಿಗೂ ಹೇಳದೆ, ಬೆಳಿಗ್ಗೆ ಬ್ಯಾಗು ಹಿಡಿದು ಹೊರಟು ಸೀವುಡ್ಸ್ ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತು ಬರತೊಡಗಿದೆ. ಮಗಳು ನಿಧಿಗೆ ಮಾತ್ರ ಗುಮಾನಿ ಬಂತು. "ಪಪ್ಪಾ, ಆಪ್ಕಾ ಆಫೀಸ್ ಆಜ್‌ಕಲ್ ಜಲ್ದೀ ಛೂಟ್ತಾ ಹೈ ಕ್ಯಾ?" ಎಂದಳು; ನನ್ನ ಆಫೀಸು ಈಚೆಗೆ ಬೇಗ ಬಿಡುತ್ತದೆಯೇ ಎಂದು ಅವಳ ಪ್ರಶ್ನೆ. ಒಂದು ದಿನ ವಾಸಂತಿ ಖಾಲಿ ತರಕಾರಿ ಬುಟ್ಟಿಯನ್ನು ನನ್ನ ಮುಂದಿಟ್ಟು, "ಮೇಲೆ ಅಷ್ಟು ಬಸಳೆ ಉಂಟಲ್ಲ" ಎಂದಳು, ಅಷ್ಟೆ.

ಹಾಗೆ ನಾನು ಕಾಗೆಯೂ ಹಾರದ ಬಿಸಿಲು ನೋಡಿಕೊಂಡು ಟೆರೇಸ್ ಹತ್ತಿದೆ. ನನ್ನದೇ ಬೋರ್ಡು ಎದುರಿಗಿತ್ತು. ಇಷ್ಟು ದೊಡ್ಡ ಅಕ್ಷರಗಳಲ್ಲಿ ಯಾಕೆ ಬರೆದೆನೋ ಎನಿಸಿತು. ಮೆಲ್ಲಗೆ ಟ್ಯಾಂಕಿನ ಹಿಂದಕ್ಕೆ ಹೋದರೆ, ಅಲ್ಲಿ ಲುಂಗಿ ಎತ್ತಿ ಕಟ್ಟಿ ಕುಳಿತು, ಜಯಕರ ಶೆಟ್ಟರು ಬಸಳೆ ಕೀಳುತ್ತಿದ್ದಾರೆ.

"ಟ್ಯಾಂಕಿ ಲೀಕ್ ಉಂಟಾ ಅಂತ ನೋಡ್ಲಿಕ್ಕೆ ಬಂದದ್ದು" ಎಂದರು ಅವರು.

"ನಾನೂ ಅದಕ್ಕೇ" ಎಂದೆ.

ಇಬ್ಬರೂ ಟ್ಯಾಂಕನ್ನು ಗಂಭೀರವಾಗಿ ನೋಡಿದೆವು. ಅಷ್ಟರಲ್ಲಿ ನನ್ನ ಕಂಕುಳಿನ ಚೀಲ ಜಾರಿ ಕೆಳಗೆ ಬಿತ್ತು. ಶೆಟ್ಟರು ಅದನ್ನು ನೋಡಿದರು, ನನ್ನ ಮುಖ ನೋಡಿದರು. "ನಿಮ್ಮದೂ ಹೋಯಿತಾ ಮಾರಾಯ್ರೆ?" ಎಂದರು.

ನಾನು ತಲೆಯಾಡಿಸಿದೆ. ಶೆಟ್ಟರು ಪಕ್ಕಕ್ಕೆ ಸರಿದು ನೆರಳಿನಲ್ಲಿ ಜಾಗ ಮಾಡಿಕೊಟ್ಟರು. "ನಿಮ್ಮ ಬೋರ್ಡು ನೋಡಿದರೆ ಹಸಿವೆ ಹೋಗ್ತದೆ. ಸೊಪ್ಪು ಕೀಳುದೂ ಒಂದೇ, ನಾನು ಸೋತವ ಅಂತ ಗೇಟಿನಲ್ಲಿ ಬರೆದು ಹಾಕುದೂ ಒಂದೇ. ನನಗೆ ಕೆಲಸ ಹೇಳಿ, ಮಾಡ್ತೇನೆ. ಆಮೇಲೆ ಕೊಂಡುಹೋಗ್ಲಿಕ್ಕೆ ನಾಚಿಕೆ ಇಲ್ಲ" ಎಂದರು.

ಆ ಸಂಜೆ ಇಬ್ಬರೂ ಕುಲಕರ್ಣಿಯವರ ಮನೆಗೆ ಹೋದೆವು. ಬೋರ್ಡು ತೆಗೆಯೋಣ, ಎಲ್ಲ ಮನೆಗಳಿಗೂ ಸರದಿಯಂತೆ ತೋಟದ ಕೆಲಸ ಹಂಚೋಣ, ನೀರು ಹಾಕಿದ ಮನೆಗೆ ಆ ವಾರದ ಸೊಪ್ಪು, ಇದ್ದವರು ಇಲ್ಲದವರು ಎಂಬ ಭೇದ ಬೇಡ ಎಂದೆವು. ಕುಲಕರ್ಣಿಯವರು ಗಲ್ಲ ಕೆರೆದುಕೊಂಡು, "ಛಲೋ ಅದರೀ ಇದು. ಖರೇ ಹೇಳ್ತೀನಿ, ನನ್ನ ಸೊಸೀನೂ ಆ ಸೊಪ್ಪಿನ ಮ್ಯಾಲ ಭಾಳ ದಿನದಿಂದ ಕಣ್ಣಿಟ್ಟಾಳ" ಎಂದರು. ವಾರ ಕಳೆಯುವುದರೊಳಗೆ ಟೆರೇಸಿನಲ್ಲಿ ಜಾತ್ರೆ. ಬಾಲ್ಕನಿಯಲ್ಲಿ ನಿಲ್ಲುತ್ತಿದ್ದ ಇಬ್ಬರೂ ಪೈಪು ಹಿಡಿದರು, ರಾಮದೇವನ ಹೆಂಡತಿ ಹಾಗಲ ಹಾಕಿದಳು. ಶೆಟ್ಟರು ತಮ್ಮ ಹೋಟೆಲಿನ ದೊಡ್ಡ ಪಾತ್ರೆಗಳನ್ನು ಹೊರತೆಗೆದು ಬಸಳೆ ಕೊದ್ದೆಲ್ ಎಂಬ ತಮ್ಮ ಊರಿನ ಸಾರು ಮಾಡಿ ಎಲ್ಲರಿಗೂ ರುಚಿ ತೋರಿಸಿದರು. ಅದೇ ಅವರಿಗೆ ಮನೆಮನೆಗೆ ಊಟದ ಡಬ್ಬಿ ಕೊಡುವ ಹೊಸ ಧಂಧೆಯಾಯಿತು.

ನನಗೂ ಆಫೀಸಿನಿಂದ ಫೋನ್ ಬಂತು. ಸಂಬಳ ಕಡಿಮೆ, ಆದರೆ ಕುರ್ಚಿ ಅದೇ. ಖುಷಿಯಲ್ಲಿ ನಾನು ಎಂದಿನ ರೈಲು, ಎಂದಿನ ಗರ್ದಿಗೆ ಮರಳಿದೆ. ಮೊನ್ನೆ ಮನೆಗೆ ಬಂದು ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ಎದುರು ಮನೆಯಿಂದ ಬಸಳೆಯ ಒಗ್ಗರಣೆಯ ಪರಿಮಳ ಬರುತ್ತಿತ್ತು.

"ನಮಗಿಲ್ಲವೇ?" ಎಂದೆ.

"ಈ ವಾರ ನೀರು ಹಾಕುವ ಸರದಿ ನಿಮ್ಮದಿತ್ತು. ನೀವು ಹಾಕಲಿಲ್ಲ, ಶೆಟ್ಟರು ಹಾಕಿದರು" ಎಂದಳು ವಾಸಂತಿ.

"ಆಫೀಸಿನಲ್ಲಿ ಎಷ್ಟು ಕೆಲಸ ಗೊತ್ತಾ? ಕೆಲಸ ಇರುವವರಿಗೆ ಸ್ವಲ್ಪ ರಿಯಾಯಿತಿ ಬೇಡವೇ?"

ವಾಸಂತಿ ಮಜ್ಜಿಗೆಯ ಪಾತ್ರೆಯನ್ನು ನನ್ನತ್ತ ಸರಿಸಿದಳು. ಮಗಳು ನಕ್ಕಳು. ನಾನು ಉಪ್ಪಿನಕಾಯಿಯ ಎಣ್ಣೆಯನ್ನೆಲ್ಲ ಅನ್ನಕ್ಕೆ ಕಲಸಿಕೊಂಡು, ಹಸಿರು ನೀತಿಯಲ್ಲಿ ಇನ್ನೊಂದು ತಿದ್ದುಪಡಿ ತರಲು ಸಾಧ್ಯವೇ ಎಂದು ಯೋಚಿಸುತ್ತಾ ಉಂಡೆ.